ಎಡಕ್ಕೆ ತಿರುಗಿದಳು ಮೊಮ್ಮಗಳು

ನನ್ನ ಮೊಮ್ಮಗಳ ಕತ್ತು ನಿಂತಿತು! ಬೋರಲು ಮಲಗಿದ್ದವಳು ತಲೆ ಎತ್ತಿ, ಎಡಕ್ಕೆ ತಿರುಗಿ, ನನ್ನ ಮುಖವನ್ನೇ ನೋಡಿದಳು. ಓಡಿಹೋಗಿ ಹೇಳೋಣವೆಂದು ಎದ್ದೆ. ಹೇಳಬೇಕಾದವಳು ತೀರಿಕೊಂಡು ವರ್ಷವಾಗಿದೆ ಎಂಬುದು ಬಾಗಿಲಿಗೆ ಬಂದ ಮೇಲೆ ನೆನಪಾಯಿತು.

ಹೆಂಡತಿ ಹೋದ ಮೇಲೆ ಶಿವಮೊಗ್ಗದಲ್ಲಿ ಗಾಡಿ, ಎತ್ತು ಎಲ್ಲ ಮಾರಿ, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗನ ಮನೆಗೆ ಬಂದಿದ್ದೆ. ಅಕ್ಕಪಕ್ಕದಲ್ಲೆಲ್ಲ ತಮಿಳು, ತೆಲುಗು. ಸವಳಂಗ ರಸ್ತೆಯುದ್ದಕ್ಕೂ ಎತ್ತುಗಳ ಜೊತೆ ಮಾತಾಡಿಕೊಂಡು ಗಾಡಿ ಹೊಡೆದವನಿಗೆ ಇಲ್ಲಿ ಮಾತಿಗೆ ಯಾರೂ ಇರಲಿಲ್ಲ. ಮಗನಿಗೆ ಪಾಳಿ, ಸೊಸೆಗೆ ಮನೆಕೆಲಸ.

ಬಾಣಂತನ ಮುಗಿಸಿಕೊಂಡು ಸೊಸೆ ಬಂದಾಗ ಮಗುವಿನ ತಲೆ ಸದಾ ಬಲಕ್ಕೇ ವಾಲುತ್ತಿತ್ತು. ಹಗಲೆಲ್ಲ ಸೀರೆಯ ಜೋಲಿಯಲ್ಲಿ ಬೆನ್ನು ಬಗ್ಗಿಸಿಕೊಂಡು, ಬಾಗಿಲ ಬೆಳಕಿಗೇ ಮುಖ ಮಾಡಿ ಮಲಗುತ್ತಿತ್ತು.

"ಕತ್ತು ಹೀಗೇ ನಿಂತುಬಿಟ್ರೆ ಏನ್ಮಾಡ್ಲಿ ಮಾವ?" ಸೊಸೆ ಕಣ್ಣೀರು ಹಾಕಿದಳು.

ನನಗೇನು ಗೊತ್ತು? ನನ್ನವಳು ಮಕ್ಕಳಿಗೆ ಎರೆದ ಮೇಲೆ ಚಾಪೆಯ ಮೇಲೆ ಬೋರಲು ಹಾಕಿ ಬೆನ್ನು ನೀವುತ್ತಿದ್ದದ್ದು ನೆನಪಿತ್ತು, ಅಷ್ಟೇ. ಜೋಲಿ ಕಡಿಮೆ ಮಾಡಿಸಿದೆ. ಮಗು ಎಚ್ಚರವಿದ್ದಾಗ ಚಾಪೆಯ ಮೇಲೆ ಬೋರಲು ಹಾಕಿಸಿ, ಅದರ ಎಡಗಡೆ ನಾನೂ ಬೋರಲು ಮಲಗುತ್ತಿದ್ದೆ. ಎತ್ತುಗಳ ಸುದ್ದಿ, ಅವಳಜ್ಜಿಯ ಸುದ್ದಿ, ಯಾರಿಗೂ ಹೇಳದ್ದನ್ನೆಲ್ಲ ಹೇಳುತ್ತಿದ್ದೆ. ಅದು ಆಚೆಗೇ ನೋಡುತ್ತಿತ್ತು. ಸುಸ್ತಾಗಿ ಅತ್ತರೆ ಸೊಸೆ ಎತ್ತಿಕೊಳ್ಳುತ್ತಿದ್ದಳು.

"ಅಪ್ಪಂಗೆ ಒಳ್ಳೆ ಜೊತೆ ಸಿಕ್ತು. ಎದ್ದು ಹೋಗೋಕೆ ಇನ್ನೂ ಬರಲ್ಲ ಪಾಪ, ಪೂರ್ತಿ ಕೇಳ್ಲೇಬೇಕು!" ಎಂದು ಮಗ ನಗುತ್ತಿದ್ದ.

ಆ ಮಧ್ಯಾಹ್ನ ನನ್ನ ಮಾತೂ ಮುಗಿದುಹೋಗಿತ್ತು. ಏರಿನಲ್ಲಿ ಎತ್ತುಗಳನ್ನು ಹುರಿದುಂಬಿಸುತ್ತಿದ್ದ ಹಾಗೆ ನಾಲಿಗೆಯಿಂದ ಟಕ್ ಟಕ್ ಎಂದೆ. ಮಗು ಮೊಣಕೈ ಊರಿತು. ಎದೆ ಎತ್ತಿತು. ನಡುಗುತ್ತ ನಡುಗುತ್ತ ನನ್ನ ಕಡೆ ತಿರುಗಿತು.

ಬಾಗಿಲಲ್ಲಿ ಕಣ್ಣೊರೆಸಿಕೊಂಡು ಸೊಸೆಯನ್ನು ಕೂಗಿದೆ. ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಇನ್ನೊಂದ್ಸಲ ಮಾಡಿ ಮಾವ!"

ಮಾಡಿದೆ. ಮಗು ಮತ್ತೆ ತಿರುಗಿತು.

"ಎತ್ತಿಗೆ ಮಾಡೋ ಸದ್ದನ್ನ ನನ್ನ ಮಗಳಿಗೆ ಮಾಡ್ತೀರಲ್ಲ!" ಎಂದು ನಗುತ್ತಲೇ ಅತ್ತಳು.

ಸಂಜೆ ಮಗ ಬಂದ ಮೇಲೆ, ನಾವು ಎದ್ದ ಮೇಲೇ ಉಣ್ಣುತ್ತಿದ್ದ ಸೊಸೆಯನ್ನೂ ಕೂರಿಸಿಕೊಂಡು ಒಟ್ಟಿಗೆ ಅಕ್ಕಿರೊಟ್ಟಿ ತಿಂದೆವು. ಬಡಿಸಲು ಬರುತ್ತಿದ್ದ ನನ್ನವಳಿಗೆಂದು ಪಕ್ಕದಲ್ಲಿ ಜಾಗ ಬಿಟ್ಟು ಕೂರುವುದು ನನಗೆ ರೂಢಿ. ಸೊಸೆ ಮಗುವಿನ ಚಾಪೆಯನ್ನು ಆ ಜಾಗಕ್ಕೆ ಎಳೆದಳು. ಮಗು ತಲೆ ಎತ್ತಿ ನಮ್ಮ ತಟ್ಟೆಗಳನ್ನೆಲ್ಲ ಒಂದೊಂದಾಗಿ ನೋಡಿತು.