ಮೇಲು, ನಡು, ತಳ

ಆಗೆಲ್ಲ ಮೂಡಲಪಾಳ್ಯ ಅಂದರೆ ಸಿಟಿ ಬಸ್ಸಿನ ಕಂಡಕ್ಟರೇ "ಎಲ್ಲಮ್ಮಾ ಅದು?" ಅಂತ ಕೇಳುತ್ತಿದ್ದ ಕಾಲ. ಎಪ್ಪತ್ತರ ದಶಕ. ವಿಜಯನಗರ ದಾಟಿದರೆ ರಾಗಿ ಹೊಲ, ಹುಣಸೆ ಮರ, ಆಮೇಲೆ ನಮ್ಮ ಬೀದಿ. ನಲ್ಲಿ ಇನ್ನೂ ಬಂದಿರಲಿಲ್ಲ. ಎಂಟು ಮನೆಗೂ ನಮ್ಮ ಹಿತ್ತಲ ಬಾವಿಯೇ ಗತಿ. ಬೆಳಗಾದರೆ ರಾಟೆಯ ಕಿರ್ರ್ ಸದ್ದು, ಒದ್ದೆ ಹಗ್ಗದ ವಾಸನೆ, ಹೆಂಗಸರ ಮಾತು. ನನ್ನಜ್ಜಿ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಕೂತು, ಯಾರ ಕೊಡ ತೊಳೆದಿದೆ, ಯಾರದು ತೊಳೆದಿಲ್ಲ ಅಂತ ತಪಾಸಣೆ ಮಾಡುತ್ತಿದ್ದಳು. ಬಾವಿ ಅವಳ ಮಾವನ ಕಾಲದ್ದು, ಆದರೂ ತಾನೇ ತೋಡಿಸಿದ ಹಾಗೆ ಜಂಬ.

ನನಗಾಗ ಹತ್ತು ವರ್ಷ. ನಿಂತಲ್ಲಿ ನಿಂತವಳಲ್ಲ. "ಇವಳ ಕಾಲಲ್ಲಿ ಚಕ್ರ ಇದೆ" ಅಂತ ಅಮ್ಮ ದಿನಕ್ಕೆ ನಾಲ್ಕು ಸಲ ಬೈಯುತ್ತಿದ್ದಳು. ಆ ಬೇಸಿಗೆ ರಜದಲ್ಲಿ ಜೊತೆಗಾತಿ ಸರಸು ಕಾಮಾಲೆ ಬಂದು ಎದುರುಮನೆಯಲ್ಲಿ ಮಲಗಿಬಿಟ್ಟಳು. ಕಣ್ಣೆಲ್ಲ ಅರಿಶಿನ. ಅವಳಿಗೆ ನೆಲನೆಲ್ಲಿ ಕಷಾಯ, ಸಪ್ಪೆ ಮಜ್ಜಿಗೆ ಅನ್ನ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಿಟಕಿಯಿಂದ ಕೊಡಲು ಹೋಗಿ ಏಟು ತಿಂದೆ. ಒಬ್ಬಳೇ ಕುಂಟೆಬಿಲ್ಲೆ ಆಡಿ ಒಬ್ಬಳೇ ಗೆಲ್ಲುತ್ತಿದ್ದೆ. ಥೂ, ಅದೂ ಒಂದು ಆಟವೇ!

ಅಷ್ಟರಲ್ಲಿ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಕಾಮಾಲೆ ನೀರಿನಿಂದ ಬರೋದಂತೆ. ಅದೇ ನೀರು ಕುಡಿದ ನಮಗ್ಯಾರಿಗೂ ಏನೂ ಆಗಿರಲಿಲ್ಲ, ಆದರೆ ಹೆತ್ತವರ ಹೊಟ್ಟೆಸಂಕಟ ಕೇಳುತ್ತದೆಯೇ? ಸರಸುವಿನ ಅಪ್ಪ ರಾಮಣ್ಣ ಯಾವುದೋ ಆಫೀಸಿಗೆ ಅರ್ಜಿ ಕೊಟ್ಟು ಬಂದರು. ಬುಧವಾರ ಸಾಹೇಬರು ಬಂದು ನೋಡುತ್ತಾರೆ, ನೀರು ಕೆಟ್ಟಿದ್ದರೆ ಬಾವಿ ಮುಚ್ಚಿಸುತ್ತಾರೆ ಅಂತ ಗೊತ್ತಾಯಿತು. ಅಜ್ಜಿ ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ಕಟ್ಟೆ ತೊಳೆದು ಅರಿಶಿನ ಕುಂಕುಮ ಹಚ್ಚಿದಳು. "ಗಂಗಮ್ಮನ್ನ ಪರೀಕ್ಷೆ ಮಾಡ್ತಾರಂತೆ. ಪೂಜೆ ಇಲ್ದೆ ಕೂರಿಸೋಕಾಗುತ್ತಾ?" ಅಂದಳು. ಆಗತಾನೇ ಕರೆದ ಹಾಲಿನ ಚೊಂಬು ನನ್ನ ಕೈಗೆ ಕೊಟ್ಟು, "ಒಂದು ಉದ್ಧರಣೆ ಬಿಡು ಸಾಕು, ಮಿಕ್ಕಿದ್ದು ಒಳಗೆ ಇಡು" ಅಂದು ಕರ್ಪೂರ ತರಲು ಹೋದಳು.

ಬೀದಿಯಲ್ಲಿ ಜೀಪಿನ ಸದ್ದು ಕೇಳಿತು. ಇಷ್ಟು ದೊಡ್ಡ ಪರೀಕ್ಷೆಗೆ ಒಂದೇ ಒಂದು ಉದ್ಧರಣೆ ಹಾಲೇ? ಗಂಗಮ್ಮ ಫೇಲಾದರೆ? ಚೊಂಬನ್ನು ಪೂರ್ತಿ ಬಾವಿಗೆ ಬೋರಲು ಹಾಕಿ, ಖಾಲಿ ಚೊಂಬನ್ನು ಕಟ್ಟೆಯ ಮೇಲಿಟ್ಟುಬಿಟ್ಟೆ.

ಸಾಹೇಬರು ಕನ್ನಡಕದ ಸಣಕಲು ಮನುಷ್ಯ. ಅವರ ಹತ್ತಿರ ಸೀಸದ ತೂಕ ಕಟ್ಟಿದ ಗಾಜಿನ ಬಾಟಲಿಗಳಿದ್ದವು. ಬಾಟಲಿಗೊಂದು ದಾರ, ಬಿರಡೆಗೊಂದು ದಾರ. ಬಾಟಲಿಯನ್ನು ಬೇಕಾದಷ್ಟು ಆಳಕ್ಕೆ ಇಳಿಸಿ ಬಿರಡೆಯ ದಾರ ಜಗ್ಗಿದರೆ ಆ ಆಳದ ನೀರೇ ತುಂಬಿಕೊಳ್ಳುತ್ತಿತ್ತು, ಗುಳುಗುಳು ಗುಳ್ಳೆ ಮೇಲೆ ಬರುತ್ತಿತ್ತು. ಮೂರು ಬಾಟಲಿಗೆ ಮೂರು ಚೀಟಿ: ಮೇಲು, ನಡು, ತಳ. ಮೇಲಿನದನ್ನು ಬಿಸಿಲಿಗೆ ಹಿಡಿದು ಅವರು ಹುಬ್ಬು ಗಂಟಿಕ್ಕಿದರು. ನೀರು ಮಬ್ಬಾಗಿತ್ತು.

"ಬೆಳಿಗ್ಗೆಯಿಂದ ಬಾವಿಗೆ ಯಾರಾದ್ರೂ ಏನಾದ್ರೂ ಹಾಕಿದ್ದೀರಾ?"

ಬೀದಿಗೆ ಬೀದಿಯೇ ಹಿತ್ತಲಲ್ಲಿ ನೆರೆದಿತ್ತು. ಮುಂದೆಯೇ ರಾಮಣ್ಣ, ಕೈಕಟ್ಟಿ ನಿಂತಿದ್ದರು. ನಾನು ಅಮ್ಮನ ಬೆನ್ನ ಹಿಂದೆ ಸರಿದೆ.

"ಇಲ್ಲ ಸ್ವಾಮಿ, ಯಾರೂ ಏನೂ ಹಾಕಿಲ್ಲ" ಅಂದಳು, ಕಟ್ಟೆಗೆ ಒರಗಿ ಕೂತಿದ್ದ ಅಜ್ಜಿ.

ಆಮೇಲೆ ಆಯಿಲ್ ಇಂಜಿನ್ ಹಚ್ಚಿ ನೀರು ಎತ್ತಿಸಿದರು. ಬಾವಿ ತಗ್ಗಿದ ಮೇಲೆ ಇಂಜಿನ್ ನಿಲ್ಲಿಸಿ, ಗಡಿಯಾರ ನೋಡುತ್ತಾ, ನೀರು ಮತ್ತೆ ಎಷ್ಟು ಬೇಗ ಏರುತ್ತದೆ ಅಂತ ಟೇಪು ಇಳಿಬಿಟ್ಟು ಅಳೆದರು. "ಭಲೇ! ನೀರಿನ ಊಟೆ ಎಷ್ಟು ಜೋರಾಗಿದೆ ನೋಡ್ರೀ" ಅಂದರು. ಅಜ್ಜಿಯ ಮುಖ ಮಾತ್ರ ಅರಳಲಿಲ್ಲ.

ಹದಿನೈದು ದಿನ ನಾನು ಕೂತಲ್ಲಿ ಕೂರಲಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ ಕಂಡರೆ ಬಾಗಿಲಿಗೆ ಓಡುತ್ತಿದ್ದೆ. ಕೊನೆಗೂ ಕಾಗದ ಬಂತು, ಅಪ್ಪ ಓದಿದರು: ನಡು ಮತ್ತು ತಳದ ನೀರು ಚೆನ್ನಾಗಿದೆ, ಮೇಲಿನ ನೀರು ಕುಡಿಯಲು ಯೋಗ್ಯವಲ್ಲ. "ಕೊಡ ಇಳಿಯೋದು ಮೇಲ್ನೀರಿಗೇ ತಾನೆ?" ಅಂದರು ರಾಮಣ್ಣ. ಆ ಮೇಲ್ನೀರಿಗೆ ಹಾಲು ಸುರಿದವಳು ನಾನು ಅನ್ನಲು ನನಗೆ ಬಾಯಿ ಬರಲಿಲ್ಲ.

ಮಳೆಗಾಲಕ್ಕೆ ಮುಂಚೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಮೊದಲ ಮಣ್ಣು ನೀರಿಗೆ ಬಿದ್ದ ದೊಪ್ಪೆಂಬ ಸದ್ದಿಗೆ ನಾನು ಓಡಿಹೋಗಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದೆ. "ಅಜ್ಜಿ, ನಾನು ಒಂದು ಉದ್ಧರಣೆ ಅಲ್ಲ, ಚೊಂಬು ಪೂರ್ತಿ ಹುಯ್ದುಬಿಟ್ಟಿದ್ದೆ."

"ಗೊತ್ತು ಕಣೇ" ಅಂದಳು. "ಆ ಖಾಲಿ ಚೊಂಬಿಗೆ ಸೆರಗು ಮುಚ್ಚಿಕೊಂಡು ಕೂತಿದ್ದವಳು ಯಾರು ಅಂದ್ಕೊಂಡೆ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮಗಳು ಮಲಗಿರೋ ಅಪ್ಪನ ಎದುರಿಗೆ, ಬಾವಿಗೆ ಸುರಿದೋಳು ಇವಳೇ ಅಂತ ನಿನ್ನ ತೋರಿಸ್ಲಾ? ಬಾವಿ ಹೋದ್ರೆ ಹೋಗ್ಲಿ ಬಿಡು."

ಸರಸು ಹುಷಾರಾದಳು. ಮತ್ತೆ ಕುಂಟೆಬಿಲ್ಲೆ ಆಡಿದೆವು, ಆದರೆ ಅವರ ಮನೆ ಅಂಗಳದಲ್ಲಿ. ನಮ್ಮ ಮನೆಗೆ ಅವಳನ್ನು ಕಳಿಸುತ್ತಿರಲಿಲ್ಲ. ಹೆಂಗಸರು ದೂರದ ಬಾವಿಗೆ ಹೋಗುವಾಗ ನಮ್ಮ ಬಾಗಿಲ ಕಡೆ ನೋಡಿ ಏನೋ ಅಂದುಕೊಂಡು ಹೋಗುತ್ತಿದ್ದರು. ಕೊಡ ತಪಾಸಣೆ ಮಾಡುತ್ತಿದ್ದ ಅಜ್ಜಿ ಬೆಳಗಿನ ಕಾಫಿಯನ್ನು ಅಡುಗೆಮನೆಯಲ್ಲೇ ಕುಡಿಯತೊಡಗಿದಳು.

ಈಗ ಆ ಜಾಗದಲ್ಲಿ ನಾಲ್ಕು ಮಹಡಿಯ ಮನೆ ಎದ್ದಿದೆ. ಬೋರ್‌ವೆಲ್ ಬತ್ತಿ ಟ್ಯಾಂಕರ್ ಬರುತ್ತದೆ, ಕುಡಿಯಲು ಕ್ಯಾನ್ ನೀರು. ಅದು ಯಾವ ಆಳದ್ದು, ಎಲ್ಲಿಯದು, ಯಾರೂ ಕೇಳುವುದಿಲ್ಲ. ಊಟೆ ಅನ್ನುವ ಮಾತೇ ನನ್ನ ಮೊಮ್ಮಕ್ಕಳಿಗೆ ಗೊತ್ತಿಲ್ಲ. ಅದಕ್ಕೆಲ್ಲ ನಿಟ್ಟುಸಿರು ಬಿಡಬಹುದು, ಬಿಡುತ್ತೇನೆ ಕೂಡ. ಆದರೆ ನನ್ನನ್ನು ಇವತ್ತಿಗೂ ಕೂರಲು ಬಿಡದಿರುವುದು ಬೇರೆ. ಅಜ್ಜಿ ಸಾಯುವ ತನಕ ಆ ಬೀದಿಗೆ ಕೆಟ್ಟ ಬಾವಿಯ ಮುದುಕಿಯಾಗಿಯೇ ಉಳಿದಳು, ಒಮ್ಮೆಯೂ ನನ್ನ ಹೆಸರು ಎತ್ತಲಿಲ್ಲ. ಕೇಳಿಸಿಕೊಳ್ಳಬೇಕಾದವರು ಈಗ ಯಾರೂ ಇಲ್ಲ. ಆದರೂ ಹೇಳುತ್ತೇನೆ: ನಮ್ಮಜ್ಜಿಯ ಬಾವಿಯ ನೀರು ಚೆನ್ನಾಗಿತ್ತು.