ಗಿಟಾರ್ ಮೇಷ್ಟ್ರ ಹೆಸರಿನಲ್ಲೊಂದು ಸಂಜೆ

ನಮ್ಮ ಗಿಟಾರ್ ಮೇಷ್ಟ್ರ ಎಡಗೈ ಬೆರಳ ತುದಿಗಳು ಒಣಕೊಬ್ಬರಿಯಷ್ಟು ಗಟ್ಟಿ. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ ಆ ಬೆರಳುಗಳಿಂದಲೇ ಕಾವಲಿ ಮೇಲಿನ ಅಕ್ಕಿರೊಟ್ಟಿ ಮಗುಚಿ ಹಾಕುತ್ತಿದ್ದರು. "ಸುಡಲ್ವಾ ಸಾರ್?" ಅಂದರೆ, "ಇಷ್ಟು ವರ್ಷ ರಾಕ್ ಬಾರಿಸಿದ್ದಕ್ಕೆ ಸಿಕ್ಕಿರೋ ಪದವಿ ಕಣೋ ಇದು. ತಿನ್ನು, ಆರೋಗತ್ತೆ" ಅನ್ನುತ್ತಿದ್ದರು.

ಬಸವೇಶ್ವರನಗರದ ಅವರ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಶೀಟಿನ ಕೋಣೆಯೇ ನಮ್ಮ ಪಾಠಶಾಲೆ. ಉದ್ದ ಕೂದಲಿಗೆ ತರಕಾರಿ ಪೊಟ್ಟಣದ ರಬ್ಬರ್‌ಬ್ಯಾಂಡು, ಕಾಲಿಗೆ ಹವಾಯಿ ಚಪ್ಪಲಿ. ತಾವೇ ಕನ್ನಡದಲ್ಲಿ ಹಾಡು ಕಟ್ಟಿ, ಶೀಟು ಅದುರುವ ಹಾಗೆ ಹಾಡುತ್ತಿದ್ದರು. ಮೊದಲ ದಿನವೇ ನನಗೆ ಹೇಳಿದ್ದರು: "ಗಿಟಾರ್ ಮರೆತು ಬಂದ್ರೂ ಪರವಾಗಿಲ್ಲ. ನಾಚಿಕೆ ಮಾತ್ರ ಮನೇಲೇ ಬಿಟ್ಟು ಬಾ."

ಬಡಾವಣೆಯವರನ್ನೆಲ್ಲ ಕರೆದು ಕಾರ್ಯಕ್ರಮ ಮಾಡುವುದು ಅವರ ಹುಚ್ಚು. ಮುಂದಿನ ಸಾಲು ಹಿರಿಯರಿಗೇ ಮೀಸಲು. ಸದ್ದು ಜಾಸ್ತಿಯಾದೀತೆಂದು ಬಾಗಿಲಲ್ಲಿ ತಟ್ಟೆ ತುಂಬ ಹತ್ತಿ ಇಡಿಸುತ್ತಿದ್ದರು, ಪಕ್ಕದಲ್ಲಿ ಕಲ್ಲುಸಕ್ಕರೆ. ಮೊದಲ ಸಲ, ಹತ್ತಿ ಇರುವುದು ಕಿವಿಗೆ ಅಂತ ಅಜ್ಜಿಯರಿಗೆ ಯಾರೂ ಹೇಳಿರಲಿಲ್ಲ. ಹತ್ತಿ ಕಂಡ ಕೈ ಸುಮ್ಮನಿರುತ್ತದೆಯೇ? ಡ್ರಮ್ಸ್ ಏಟಿಗೆ ಸರಿಯಾಗಿ ಹೂಬತ್ತಿ ಹೊಸೆಯುತ್ತ ಕೂತರು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಎಲ್ಲರ ಮಡಿಲ ತುಂಬ ಬತ್ತಿ! "ನಿನ್ನ ತಾಳ ಚೆನ್ನಾಗಿದೆ ಕಣಪ್ಪ, ಕೈ ಬೇಗ ಓಡ್ತು" ಎಂದು ಒಬ್ಬ ಅಜ್ಜಿ ಡ್ರಮ್ಸ್ ಬಾರಿಸಿದ ಅಣ್ಣನಿಗೆ ಹೇಳಿದಾಗ, ಮೇಷ್ಟ್ರು ನಕ್ಕು ನಕ್ಕು ವೇದಿಕೆ ಮೇಲೇ ಕುಸಿದು ಕೂತರು.

ಆ ಡ್ರಮ್ಸ್ ಅಣ್ಣ ಸುಂಕದಕಟ್ಟೆಯ ಮೆಕ್ಯಾನಿಕ್, ಮೇಷ್ಟ್ರ ಕೊನೆಯವರೆಗಿನ ಜೊತೆಗಾರ. ಹೋದ ವರ್ಷ ಮೇಷ್ಟ್ರು ನಿದ್ದೆಯಲ್ಲೇ ಹೋಗಿಬಿಟ್ಟರು. ಆಮೇಲೆ ಅಣ್ಣ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಇನ್ನೊಂದು ಆಪರೇಷನ್ ಆಗದೆ ಊರುಗೋಲು ಬಿಡುವಂತಿರಲಿಲ್ಲ. ಮೇಷ್ಟ್ರ ನೆನಪಿನಲ್ಲಿ ಕಾರ್ಯಕ್ರಮ ಮಾಡಿ, ಬಂದ ದುಡ್ಡನ್ನು ಅಣ್ಣನ ಚಿಕಿತ್ಸೆಗೆ ಕೊಡೋಣ ಎಂದು ಶಿಷ್ಯರೆಲ್ಲ ಸೇರಿದೆವು. ಅಣ್ಣ ರೇಗಿದರು.

"ಶಾಲು ಹೊದ್ದು ಕುರ್ಚಿ ಮೇಲೆ ಕೂತ್ಕೊಳ್ಳೋಕೆ ನಾನೇನು ಮುಖ್ಯ ಅತಿಥಿನಾ? ವೇದಿಕೆ ಮೇಲೆ ಕೆಲಸ ಮಾಡಿದ್ರೆ ತಗೋತೀನಿ. ಇಲ್ಲಾಂದ್ರೆ ಒಂದು ಕಾಸೂ ಬೇಡ."

"ಈ ಕಾಲಲ್ಲಿ ಡ್ರಮ್ಸ್ ಆಗಲ್ವಲ್ಲ ಅಣ್ಣ?"

"ಹಾಡ್ತೀನಿ ಕಣೋ!"

ಅವರು ಹಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

ಮೊನ್ನೆ ಭಾನುವಾರ ಸಂಜೆ ರಾಜಾಜಿನಗರದ ಸಭಾಂಗಣ ತುಂಬಿತ್ತು. ಅಣ್ಣ ಕೋಲೂರಿಕೊಂಡು ಬಂದು, ಮೈಕು ಹಿಡಿದು, ಮೇಷ್ಟ್ರ ಹಾಡು ಶುರುಮಾಡಿದರು. ನಮ್ಮ ಶ್ರುತಿ ಒಂದು ಕಡೆ, ಅವರ ದನಿ ಇನ್ನೊಂದು ಕಡೆ. ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಅಣ್ಣ ನಿಲ್ಲಿಸಿಯೇಬಿಟ್ಟರು. "ಆಗಲ್ಲ ಬಿಡ್ರೋ" ಎಂದು ಇಳಿಯಲು ತಿರುಗಿದರು. ಇಳಿದರೆ ದುಡ್ಡು ಮುಟ್ಟುವವರಲ್ಲ, ಆಪರೇಷನ್ನೂ ಅಲ್ಲಿಗೇ ನಿಂತ ಹಾಗೆ.

ಆಗ ನೆನಪಾಯಿತು. ನನ್ನ ದನಿ ಒಡೆಯುವ ವಯಸ್ಸಿನಲ್ಲಿ ಸಾಲಿಗೊಂದು ಅಪಸ್ವರ. ಮೇಷ್ಟ್ರು ಒಮ್ಮೆಯೂ ಬೈಯಲಿಲ್ಲ. "ನೀನು ಇರೋ ಕಡೆನೇ ಇರು, ನಾನು ಬರ್ತೀನಿ" ಅಂದು, ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪನ್ನು ಗಿಟಾರಿನ ಕತ್ತಿನ ಮೇಲೆ ಒಂದೆರಡು ಮೆಟ್ಟು ಸರಿಸಿ ಶ್ರುತಿ ಬದಲಿಸಿ, ನನ್ನ ದನಿ ಇದ್ದಲ್ಲಿಗೇ ಗಿಟಾರನ್ನು ತರುತ್ತಿದ್ದರು.

ಗಿಟಾರ್ ಹಿಡಿದೇ ಅಣ್ಣನ ಪಕ್ಕಕ್ಕೆ ಹೋದೆ. "ಇರೋ ಕಡೆನೇ ಇರಿ ಅಣ್ಣ, ನಾನು ಬರ್ತೀನಿ" ಎಂದು ಕ್ಲಿಪ್ಪನ್ನು ಮೂರು ಮೆಟ್ಟು ಮೇಲಕ್ಕೇರಿಸಿ ಮೀಟಿದೆ. ಯಾರ ಮಾತೆಂದು ಅವರಿಗೆ ಗೊತ್ತಾಯಿತು. ಮೈಕಿನತ್ತ ತಿರುಗಿ, ಹಾಡನ್ನು ಮತ್ತೆ ಎತ್ತಿಕೊಂಡರು. ದನಿ ಒರಟೇ, ಆದರೆ ಹಾಡಿನೊಳಗೆ ಸರಿಯಾಗಿ ಕೂತಿತು. ಎರಡನೇ ಚರಣಕ್ಕೆ ಸಭಾಂಗಣವೇ ಎದ್ದು ಕುಣಿಯಿತು. ಕಿಸಕ್ಕೆಂದ ಹುಡುಗರೇ "ಅಣ್ಣಾ, ಒನ್ಸ್ ಮೋರ್!" ಎಂದು ಕಿರುಚಿದರು.

ಆ ಸಂಜೆ ನಾನು ಮಾಡಿದ್ದು ಮೂರು ಮೆಟ್ಟಿನಷ್ಟು ಕೆಲಸ. ಅದೂ ಮೇಷ್ಟ್ರು ಕೊಟ್ಟು ಹೋದದ್ದೇ.

ಮೂರು ಸಲ ಹಾಡಿ, ಬೆವರೊರೆಸುತ್ತ ಇಳಿದ ಅಣ್ಣ ನನ್ನ ಭುಜಕ್ಕೆ ಭಾರ ಹಾಕಿ ನಿಂತರು. "ಆಪರೇಷನ್ ಯಾವತ್ತು ಅಂತ ಡಾಕ್ಟರನ್ನ ಕೇಳು. ನಾಳೆನೇ ಕೇಳು. ಕಾಲೊಂದು ಸರಿಹೋಗ್ಲಿ ಮಗಾ, ನಿನ್ನ ಗಿಟಾರ್ ಒಬ್ರಿಗೂ ಕೇಳಿಸದ ಹಾಗೆ ಡ್ರಮ್ಸ್ ಬಾರಿಸ್ತೀನಿ!"