ವಡಾಲದ ಗಚ್ಚಿಯಲ್ಲಿ ಒಂದು ಮಸುಕು ಚುಕ್ಕಿ

ವಡಾಲ. ಮೇ ತಿಂಗಳ ಕೊನೆ, ಮಳೆ ಇನ್ನೂ ಬಂದಿಲ್ಲ. ಇವತ್ತು ಕತ್ತಲಾದ ಮೇಲೆ ನನ್ನ ಅವ್ವನ ತಂಗಿ ಮೌಶಿಗೆ ಬಿಲ್ಡಿಂಗಿನ ತುದಿಯ ಗಚ್ಚಿಯ ಮೇಲೆ ಒಣಹಾಕಿದ ಸಂಡಿಗೆಯ ನೆನಪಾಯಿತು. ಅದನ್ನು ತೆಗೆಯಲು ಮೆಟ್ಟಿಲು ಹತ್ತಿದ ಅವಳ ಹಿಂದೆಯೇ ಮಗಳು ಇಂದಿರಾ, ನಾನು, ಧಾರವಾಡದಿಂದ ತಂದ ನನ್ನ ಜೋಡಿಗಣ್ಣಿನ ದುರ್ಬೀನು.

ಇಂದಿರಾಗೆ ದೂರದ್ದು ಕಾಣುವುದಿಲ್ಲ. ಲೋಕಲ್ ರೈಲು ಎಲ್ಲಿಗೆ ಹೋಗುತ್ತದೆಂದು ಪಕ್ಕದವರನ್ನು ಕೇಳಿಯೇ ಹತ್ತುತ್ತಾಳೆ. "ಚಷ್ಮಾ ಹಾಕಿದ ಹುಡುಗೀನ್ನ ಯಾರು ಮಾಡ್ಕೋತಾರ? ಲಗ್ನ ಆಗ್ಲಿ, ಆಮ್ಯಾಲೆ ನೋಡೂಣು" ಎನ್ನುತ್ತಾಳೆ ಮೌಶಿ. ಬಂದ ದಿನವೇ ನಾನು ಈ ಮಾತಿಗೆ ಸಿಟ್ಟಾಗಿದ್ದೆ.

ದುರ್ಬೀನು ಕೊಟ್ಟೆ. ನಡುವಿನ ತಿರುಗಣೆ ತಿರುಗಿಸುತ್ತಿದ್ದ ಇಂದಿರಾ ಕೂಗಿದಳು: "ಅಣ್ಣಾ, ಚುಕ್ಕಿ ಇಷ್ಟು ಸಣ್ಣವು ಇರ್ತಾವೇನು!"

ಖುಷಿಯಲ್ಲಿ ಅವಳನ್ನು ದಕ್ಷಿಣಕ್ಕೆ ತಿರುಗಿಸಿದೆ. ಅಲ್ಲಿ ಬಿಲ್ಡಿಂಗುಗಳ ನೆತ್ತಿಯ ಮೇಲೆ ಓಮೆಗಾ ಸೆಂಟಾರಿ ಇತ್ತು. ಲಕ್ಷಾಂತರ ನಕ್ಷತ್ರಗಳು ಒತ್ತೊತ್ತಾಗಿ ಸೇರಿದ ಗುಚ್ಛ. ಇಂದಿರಾ ತಿರುಗಣೆಯನ್ನು ಎಷ್ಟು ತಿರುಗಿಸಿದರೂ ಅದು ಚುಕ್ಕಿಯಾಗಲಿಲ್ಲ. ಅವಳ ಮುಖ ಬಾಡಿತು.

"ಮತ್ತ ನನ್ನ ಕಣ್ಣು ಮಂಜಾತು."

"ಇಲ್ಲವ್ವಾ, ಅದು ಎಲ್ಲಾರಿಗೂ ಹಂಗ ಕಾಣ್ತದ" ಎಂದೆ. ನಂಬಲಿಲ್ಲ. ದುರ್ಬೀನನ್ನು ಅವ್ವನ ಕೈಗಿಟ್ಟಳು. ಮೌಶಿಯ ಕಣ್ಣಿಗೆ ಹೊಂದುವಂತೆ ನಾನು ತಿರುಗಣೆ ಸರಿಮಾಡಿದೆ.

ಮೌಶಿ ಬಹಳ ಹೊತ್ತು ನೋಡಿದಳು. "ಖರೇನ ಅದವ್ವಾ. ಅರಳೆ ಹಿಂಜಿ ಇಟ್ಟಾಂಗ ಅದ, ಅಂಚು ಸೈತ ಕಾಣವಲ್ದು." ಆಮೇಲೆ ಮೆಲ್ಲಗೆ ಕೇಳಿದಳು, "ಬರೇ ಕಣ್ಣಿಗೆ ಉಳಿದ ಚುಕ್ಕಿ ನಿನಗ ಹೆಂಗ ಕಾಣ್ತಾವ?"

"ಎಲ್ಲಾ ಹಿಂಗ, ಅವ್ವಾ. ನೀ ಆ ಕಡೆ ಹೋಗಿ ನಿಂತ್ರ ನಿನ್ನ ಮುಖಾನೂ."

ಮೌಶಿ ದುರ್ಬೀನನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ಸಂಡಿಗೆಯನ್ನು ನಾನೇ ಬುಟ್ಟಿಗೆ ತುಂಬಿದೆ.